ನೆಲ ನುಂಗುವ ಅಲೆಗಳು

ನೀರು ಕಾಣದಷ್ಟು ಆಳವಾದ ಬಾವಿಯ ಕಟ್ಟೆಯ ಬಳಿ ನಿಂತವರು ಒಂದು ಕಲ್ಲನ್ನು ಒಳಕ್ಕೆ ಹಾಕಿ ಕಿವಿಗೊಟ್ಟು ಕೇಳುವುದು ವಾಡಿಕೆ. ಸದ್ದು ಬೇಗ ಬಂದರೆ ನೀರು ಹತ್ತಿರದಲ್ಲಿದೆ. ತಡವಾಗಿ ಬಂದರೆ ದೂರದಲ್ಲಿದೆ. ಇಷ್ಟನ್ನು ಹೇಳಲು ಭೌತಶಾಸ್ತ್ರದ ಪಾಂಡಿತ್ಯವೇನೂ ಬೇಕಿಲ್ಲ. ಆದರೆ ಎಷ್ಟು ಹೊತ್ತು ಕಾದರೂ ಸದ್ದೇ ಬರದಿದ್ದರೆ? ಬಾವಿಗೆ ತಳವೇ ಇಲ್ಲವೆಂದು ಯಾರೂ ತೀರ್ಮಾನಿಸುವುದಿಲ್ಲ. ಕಲ್ಲು ಮೆತ್ತನೆಯ ಹೂಳಿನ ಮೇಲೆ ಬಿದ್ದು ಸದ್ದು ಅಲ್ಲಿಯೇ ಅಡಗಿರಬಹುದು. ಮೌನಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿರುವುದುಂಟು.

ನೆಲದೊಳಗೆ ಅಡಗಿರುವುದನ್ನು ಅಗೆಯದೆಯೇ ಅರಿಯಲು ಇಂದು ಬಳಕೆಯಲ್ಲಿರುವ ಸಾಧನಗಳಲ್ಲಿ ಭೂಭೇದಕ ರೇಡಾರ್ ಒಂದು. ಹೂತುಹೋದ ಕೊಳವೆಗಳನ್ನೂ ಹಳೆಯ ಕಟ್ಟಡಗಳ ಅಡಿಪಾಯಗಳನ್ನೂ ಹಿಮರಾಶಿಯ ದಪ್ಪವನ್ನೂ ಇದರ ನೆರವಿನಿಂದ ತಿಳಿಯುತ್ತಾರೆ. ಪ್ರಾಣಹಾನಿಯ ಸಂದರ್ಭದಲ್ಲಿಯೂ ಇದನ್ನು ಕರೆಸುವುದುಂಟು. ೨೦೨೪ರ ಜುಲೈ ೧೬ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಸಮೀಪ, ಶಿರೂರಿನಲ್ಲಿ, ಭಾರಿ ಮಳೆಯಿಂದ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ೬೬ರ ಮೇಲೂ ಪಕ್ಕದ ಗಂಗಾವಳಿ ನದಿಯೊಳಕ್ಕೂ ಬಿದ್ದಿತು. ಹಲವರು ಪ್ರಾಣ ಕಳೆದುಕೊಂಡರು. ಮರದ ದಿಮ್ಮಿಗಳನ್ನು ಹೊತ್ತ ಲಾರಿಯೊಂದು ಚಾಲಕನೊಡನೆ ಕಣ್ಮರೆಯಾಯಿತು. ಅದನ್ನು ಹುಡುಕಲು ಬಳಸಿದ ಉಪಕರಣಗಳಲ್ಲಿ ಭೂಭೇದಕ ರೇಡಾರೂ ಒಂದಾಗಿತ್ತು. ಲಾರಿ ಕೊನೆಗೆ ದೊರೆತದ್ದು ಸೆಪ್ಟೆಂಬರ್ ೨೫ರಂದು, ನದಿಯ ತಳದಲ್ಲಿ.

ಅಂಥ ದಿನಗಳಲ್ಲಿ ಜನರು ಸಹಜವಾಗಿಯೇ ಕೇಳುವ ಪ್ರಶ್ನೆಯೊಂದಿದೆ: “ಚಂದ್ರನ ನೆಲದೊಳಗನ್ನೇ ನೋಡಬಲ್ಲ ರೇಡಾರು ನಮ್ಮ ರಸ್ತೆಯ ಮೇಲಿನ ಮಣ್ಣಿನ ರಾಶಿಯೊಳಗೆ ಏಕೆ ನೋಡಲಾರದು?” ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಅಡಗಿರುವುದು ಉಪಕರಣದಲ್ಲಿ ಅಲ್ಲ, ನೆಲದಲ್ಲಿ. ಅಲೆಯು ನೆಲದೊಳಗೆ ಸಾಗುತ್ತ ಸಾಗುತ್ತ ಬಲಗುಂದುವ ಈ ಕ್ರಿಯೆಗೆ ಕ್ಷೀಣನವೆಂದು ಹೆಸರು. ಅದರ ಸ್ವರೂಪವನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮರುದನಿಯ ಲೆಕ್ಕ

ಭೂಭೇದಕ ರೇಡಾರಿನ ತತ್ತ್ವ ಸರಳವಾದದ್ದು. ನೆಲಕ್ಕೆ ತಾಗಿದಂತಿರುವ ಆಂಟೆನವೊಂದು ಅತ್ಯಲ್ಪ ಕಾಲದ ರೇಡಿಯೊ ಸ್ಪಂದನವನ್ನು ಕೆಳಕ್ಕೆ ಕಳುಹಿಸುತ್ತದೆ. ಒಂದು ಬಗೆಯ ವಸ್ತುವಿನಿಂದ ಬೇರೊಂದು ಬಗೆಯ ವಸ್ತುವಿಗೆ ದಾಟುವ ಎಡೆಯಲ್ಲಿ ಅಲೆಯ ಒಂದು ಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಆ ಮರುದನಿಯನ್ನು ಇನ್ನೊಂದು ಆಂಟೆನ ಹಿಡಿದುಕೊಳ್ಳುತ್ತದೆ. ಹೋಗಿಬರಲು ಹಿಡಿದ ಕಾಲವೂ ಅಲೆಯ ವೇಗವೂ ತಿಳಿದರೆ ಆಳ ತಿಳಿದಂತೆಯೇ.

ಶೂನ್ಯದಲ್ಲಿ ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ, ಸುಮಾರು ೩೦ ಸೆಂಟಿಮೀಟರು ಸಾಗುತ್ತದೆ. ನೆಲದಲ್ಲಿ ಇದರ ವೇಗ ಕಡಮೆ. ಎಷ್ಟು ಕಡಮೆಯೆಂಬುದು ಪರಾವೈದ್ಯುತಾಂಕವೆಂಬ ಸಂಖ್ಯೆಯನ್ನು ಅವಲಂಬಿಸಿದೆ. ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿದ ವಸ್ತು ಆ ಕ್ಷೇತ್ರಕ್ಕೆ ಎಷ್ಟರಮಟ್ಟಿಗೆ ಓಗೊಡುತ್ತದೆಂಬುದನ್ನು ಈ ಸಂಖ್ಯೆ ಸೂಚಿಸುತ್ತದೆ. ಒಣ ಮರಳಿಗೆ ಇದು ಸುಮಾರು ೪. ನೀರಿಗೆ ಸುಮಾರು ೮೦. ಇದರ ವರ್ಗಮೂಲದಿಂದ ಶೂನ್ಯದ ವೇಗವನ್ನು ಭಾಗಿಸಿದರೆ ವಸ್ತುವಿನಲ್ಲಿ ಅಲೆಯ ವೇಗ ದೊರೆಯುತ್ತದೆ. ಪರಾವೈದ್ಯುತಾಂಕ ೧೬ ಇರುವ ಒದ್ದೆ ಮಣ್ಣಿನಲ್ಲಿ ವೇಗ ನ್ಯಾನೊಸೆಕೆಂಡಿಗೆ ೭.೫ ಸೆಂಟಿಮೀಟರು. ೩ ಮೀಟರು ಆಳದಲ್ಲಿರುವ ವಸ್ತುವಿನ ಮರುದನಿ ೮೦ ನ್ಯಾನೊಸೆಕೆಂಡುಗಳಲ್ಲಿ ಹಿಂದಿರುಗಬೇಕು. ಇಷ್ಟು ಚಿಕ್ಕ ಕಾಲವನ್ನು ಅಳೆಯುವುದು ಇಂದಿನ ಉಪಕರಣಗಳಿಗೆ ಕಷ್ಟವಲ್ಲ. ಮರುದನಿ ಹಿಂದಿರುಗುವುದೇ ಇಲ್ಲವೇ ಎಂಬುದೇ ನಿಜವಾದ ಪ್ರಶ್ನೆ.

ಒಂದು ವಿಚಿತ್ರವಾದ ಸುಂಕದ ದಾರಿಯನ್ನು ಕಲ್ಪಿಸಿಕೊಳ್ಳೋಣ. ದಾರಿಯಲ್ಲಿ ಮೀಟರಿಗೊಂದರಂತೆ ಸುಂಕದ ಕಟ್ಟೆಗಳಿವೆ. ಪ್ರತಿಯೊಂದು ಕಟ್ಟೆಯಲ್ಲಿಯೂ ದಾರಿಗನ ಕೈಯಲ್ಲಿರುವ ಹಣದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಕಿತ್ತುಕೊಂಡು ಒಂದು ಪಾಲನ್ನು ಮಾತ್ರ ಬಿಡುತ್ತಾರೆ. ಎರಡನೆಯ ಕಟ್ಟೆಯನ್ನು ದಾಟುವ ವೇಳೆಗೆ ಹತ್ತು ಸಾವಿರದಲ್ಲೊಂದು ಪಾಲು ಉಳಿದಿರುತ್ತದೆ. ಮೂರನೆಯದನ್ನು ದಾಟುವ ವೇಳೆಗೆ ಹತ್ತು ಲಕ್ಷದಲ್ಲೊಂದು ಪಾಲು. ಹಿಂದಿರುಗುವಾಗಲೂ ಅದೇ ಮೂರು ಕಟ್ಟೆಗಳನ್ನು ದಾಟಬೇಕು. ಮನೆ ಸೇರುವ ಹೊತ್ತಿಗೆ ಕೈಯಲ್ಲಿ ಉಳಿದಿರುವುದು ಮೊದಲಿದ್ದುದರ ಲಕ್ಷ ಕೋಟಿಯಲ್ಲೊಂದು ಪಾಲು!

ಇದು ಕೇವಲ ಕಟ್ಟುಕತೆಯಲ್ಲ. ಒದ್ದೆಯಾದ ಜೇಡಿಮಣ್ಣಿನಲ್ಲಿ ರೇಡಾರ್ ಅಲೆಯ ಶಕ್ತಿಗೆ ಒದಗುವ ಗತಿ ಹೆಚ್ಚುಕಡಮೆ ಇದೇ. ಇಷ್ಟು ಉದ್ದುದ್ದನೆಯ ಸಂಖ್ಯೆಗಳನ್ನು ಬರೆಯುವ ತೊಂದರೆಯನ್ನು ತಪ್ಪಿಸಲು ಎಂಜಿನಿಯರುಗಳು ಡೆಸಿಬೆಲ್ ಎಂಬ ಮಾನವನ್ನು ಬಳಸುತ್ತಾರೆ. ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿದರೆ ನಷ್ಟ ೧೦ ಡೆಸಿಬೆಲ್. ನೂರನೆಯ ಒಂದು ಪಾಲಿಗೆ ಇಳಿದರೆ ೨೦ ಡೆಸಿಬೆಲ್. ಮೇಲಿನ ಸುಂಕದ ದಾರಿಯಲ್ಲಿ ನಷ್ಟ ಮೀಟರಿಗೆ ೨೦ ಡೆಸಿಬೆಲ್. ೩ ಮೀಟರು ಆಳಕ್ಕೆ ಹೋಗಿಬಂದರೆ ಒಟ್ಟು ೧೨೦ ಡೆಸಿಬೆಲ್. ಸಾಮಾನ್ಯ ರೇಡಾರ್ ಉಪಕರಣಗಳು ಒಟ್ಟಾರೆ ತಾಳಿಕೊಳ್ಳಬಲ್ಲ ನಷ್ಟ ೧೦೦ರಿಂದ ೧೫೦ ಡೆಸಿಬೆಲ್‌ಗಳ ಆಸುಪಾಸಿನಲ್ಲಿದೆ. ಅಲೆಯು ಹರಡಿಕೊಳ್ಳುವುದರಿಂದ ಆಗುವ ನಷ್ಟವನ್ನೂ ವಸ್ತುವು ಅಲ್ಪ ಪಾಲನ್ನು ಮಾತ್ರ ಪ್ರತಿಫಲಿಸುವುದರಿಂದ ಆಗುವ ನಷ್ಟವನ್ನೂ ಇದರಲ್ಲಿಯೇ ಕಳೆಯಬೇಕು.

ಹಾಗಾದರೆ ಹೆಚ್ಚು ಬಲವಾದ ಅಲೆಯನ್ನು ಕಳುಹಿಸಬಾರದೇಕೆ? ಲೆಕ್ಕ ಹಾಕಿ ನೋಡೋಣ. ಶಕ್ತಿಯನ್ನು ಹತ್ತು ಪಟ್ಟು ಮಾಡಿದರೆ ನಮಗೆ ದೊರೆಯುವ ಲಾಭ ೧೦ ಡೆಸಿಬೆಲ್. ಹೋಗುವ ದಾರಿ, ಬರುವ ದಾರಿ ಎರಡೂ ಸೇರಿ ಪ್ರತಿಯೊಂದು ಮೀಟರು ಆಳಕ್ಕೂ ೪೦ ಡೆಸಿಬೆಲ್ ನಷ್ಟವಾಗುವಲ್ಲಿ, ಹತ್ತು ಪಟ್ಟು ಶಕ್ತಿಯಿಂದ ಹೆಚ್ಚುವ ನೋಟ ಕೇವಲ ೨೫ ಸೆಂಟಿಮೀಟರು. ನೂರು ಪಟ್ಟು ಮಾಡಿದರೆ ಅರ್ಧ ಮೀಟರು. ಒಂದೇ ಜಾಗದಲ್ಲಿ ಸಾವಿರ ಸಲ ಅಳೆದು ಸರಾಸರಿ ತೆಗೆದರೆ ಗದ್ದಲದ ನಡುವಿನಿಂದ ಮರುದನಿಯನ್ನು ಸ್ವಲ್ಪ ಮೇಲೆತ್ತಬಹುದು. ಅದರಿಂದಲೂ ಮುಕ್ಕಾಲು ಮೀಟರಿಗಿಂತ ಹೆಚ್ಚು ಲಾಭವಿಲ್ಲ. ಅಲ್ಲದೆ ಇತರ ರೇಡಿಯೊ ಸಂಪರ್ಕಗಳಿಗೆ ಅಡ್ಡಿಯಾಗದಿರಲೆಂದು ಇಂಥ ರೇಡಾರುಗಳ ಶಕ್ತಿಗೆ ಹಲವು ದೇಶಗಳಲ್ಲಿ ಮಿತಿಯನ್ನೂ ವಿಧಿಸಿದ್ದಾರೆ. ಒದ್ದೆ ಜೇಡಿಯನ್ನು ಬಲದಿಂದ ಗೆಲ್ಲುವಂತಿಲ್ಲ.

ಶಕ್ತಿ ಎಲ್ಲಿಗೆ ಹೋಯಿತು?

ಶಕ್ತಿ ನಾಶವಾಗುವುದಿಲ್ಲವೆಂಬುದು ಭೌತಶಾಸ್ತ್ರದ ಮೂಲಸೂತ್ರ. ಹೀಗಿರುವಲ್ಲಿ ಅಲೆಯ ಶಕ್ತಿ ಎಲ್ಲಿಗೋ ಹೋಗಿರಲೇಬೇಕು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ವಿದ್ಯುದ್ವಹನ. ಮಣ್ಣಿನ ನೀರಿನಲ್ಲಿ ಲವಣಗಳು ಕರಗಿ ವಿದ್ಯುದಾವೇಶವುಳ್ಳ ಅಯಾನುಗಳಾಗಿರುತ್ತವೆ. ಅಲೆಯ ವಿದ್ಯುತ್ ಕ್ಷೇತ್ರ ಈ ಅಯಾನುಗಳನ್ನು ಅತ್ತಿತ್ತ ತಳ್ಳುತ್ತದೆ. ಅವು ನೆರೆಯ ನೀರಿನ ಅಣುಗಳಿಗೆ ಡಿಕ್ಕಿಹೊಡೆದು ಪಡೆದ ಶಕ್ತಿಯನ್ನು ಉಷ್ಣವಾಗಿ ಕಳೆದುಕೊಳ್ಳುತ್ತವೆ. ಮಣ್ಣು ವಿದ್ಯುತ್ತನ್ನು ಎಷ್ಟು ಚೆನ್ನಾಗಿ ಹರಿಯಗೊಡುತ್ತದೆಯೋ ಅಷ್ಟೂ ಅಲೆಗೆ ನಷ್ಟ. ವಾಹಕತೆ ಮಿತವಾಗಿರುವಲ್ಲಿ ಒಂದು ಸುಲಭ ಸೂತ್ರವಿದೆ: ಮೀಟರಿಗೆ ಎಷ್ಟು ಮಿಲಿಸೀಮೆನ್ಸ್ ವಾಹಕತೆಯಿದೆಯೆಂಬುದನ್ನು ೧.೬೪ರಿಂದ ಗುಣಿಸಿ, ಪರಾವೈದ್ಯುತಾಂಕದ ವರ್ಗಮೂಲದಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಡೆಸಿಬೆಲ್ ನಷ್ಟವೆಂಬುದು ಬರುತ್ತದೆ. ಒದ್ದೆ ಜೇಡಿಗೆ ವಾಹಕತೆ ೫೦, ಪರಾವೈದ್ಯುತಾಂಕ ೧೬ ಎಂದಿಟ್ಟುಕೊಂಡರೆ ಉತ್ತರ ಸುಮಾರು ೨೦. ಒಣ ಮರಳಿಗೆ ವಾಹಕತೆ ೦.೧, ಪರಾವೈದ್ಯುತಾಂಕ ೪ ಎಂದಾದರೆ ಉತ್ತರ ೦.೦೮ ಮಾತ್ರ. ಇಂಥ ಮರಳಿನಲ್ಲಿ ೩ ಮೀಟರು ಆಳಕ್ಕೆ ಹೋಗಿಬಂದ ಅಲೆ ಈ ಕಾರಣದಿಂದ ಕಳೆದುಕೊಳ್ಳುವುದು ತನ್ನ ಶಕ್ತಿಯ ಹತ್ತರಲ್ಲೊಂದು ಪಾಲನ್ನಷ್ಟೆ. ಉಪ್ಪುನೀರಿನ ಸ್ಥಿತಿ ಇದಕ್ಕೆ ಪೂರ್ಣ ವಿರುದ್ಧ. ಸಮುದ್ರದ ನೀರಿನಲ್ಲಿ ೧೦೦ ಮೆಗಾಹರ್ಟ್ಸ್ ಅಲೆಗೆ ನಷ್ಟ ಮೀಟರಿಗೆ ೩೦೦ ಡೆಸಿಬೆಲ್‌ಗೂ ಮೀರಿದ್ದು. ಅಲ್ಲಿ ರೇಡಾರು ಕುರುಡೆಂದೇ ಹೇಳಬೇಕು.

ಜೇಡಿಯಲ್ಲಿ ಇನ್ನೊಂದು ವಿಶೇಷವಿದೆ. ಅದರ ಸೂಕ್ಷ್ಮವಾದ ಹಾಳೆಯಂಥ ಕಣಗಳ ಮೇಲ್ಮೈ ಋಣ ಆವೇಶವನ್ನು ಹೊಂದಿದ್ದು ಧನ ಅಯಾನುಗಳನ್ನು ತನ್ನೆಡೆಗೆ ಸೆಳೆದುಕೊಂಡಿರುತ್ತದೆ. ತೇವ ತಗುಲಿದೊಡನೆ ಈ ಅಯಾನುಗಳು ಚಲಿಸತೊಡಗುತ್ತವೆ. ಆದುದರಿಂದ ಸಿಹಿನೀರಿನಿಂದಲೇ ನೆನೆದಿದ್ದರೂ ಜೇಡಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಎಲ್ಲ ಜೇಡಿಯೂ ಒಂದೇ ತೆರನಲ್ಲ. ನಮ್ಮ ಉತ್ತರದ ಜಿಲ್ಲೆಗಳ ಎರೆಮಣ್ಣಿನಲ್ಲಿ ಹೇರಳವಾಗಿರುವ, ನೀರು ಕುಡಿದು ಹಿಗ್ಗುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಅಯಾನುಗಳನ್ನು ಬಹಳವಾಗಿ ಹಿಡಿದಿಡುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಸಾಮಾನ್ಯವಾದ ಕೆಯೊಲಿನೈಟ್ ಜಾತಿಗೆ ಈ ಗುಣ ಕಡಮೆ. ಒಂದೇ ರಾಜ್ಯದ ಎರಡು ಮಣ್ಣುಗಳಲ್ಲಿ ಒಂದೇ ರೇಡಾರಿನ ನೋಟ ಬೇರೆಬೇರೆಯಾಗಲು ಇಷ್ಟೇ ಸಾಕು.

ಎರಡನೆಯ ದಾರಿ ನೀರಿನ ಅಣುಗಳ ಹೊರಳಾಟ. ನೀರಿನ ಅಣುವಿಗೆ ಒಂದು ತುದಿಯಲ್ಲಿ ಋಣ, ಇನ್ನೊಂದರಲ್ಲಿ ಧನ ಆವೇಶವಿರುವುದರಿಂದ ಅಲೆಯ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಅದೂ ಹೊರಳಲು ಯತ್ನಿಸುತ್ತದೆ. ಆವೃತ್ತಿ ಹೆಚ್ಚಿದಂತೆ ಈ ಹೊರಳಾಟ ಕ್ಷೇತ್ರಕ್ಕಿಂತ ಹಿಂದೆ ಬೀಳುತ್ತದೆ, ಶಕ್ತಿ ಶಾಖವಾಗುತ್ತದೆ. ಸಾವಿರ ಮೆಗಾಹರ್ಟ್ಸಿನ ಸುತ್ತಮುತ್ತಲೂ ಅದಕ್ಕಿಂತ ಮೇಲೆಯೂ ಈ ನಷ್ಟವನ್ನು ಕಡೆಗಣಿಸುವಂತಿಲ್ಲ.

ಮೂರನೆಯದು ಚದರಿಕೆ. ಇಲ್ಲಿ ಶಕ್ತಿ ಉಷ್ಣವಾಗುವುದಿಲ್ಲ, ದಿಕ್ಕು ತಪ್ಪುತ್ತದೆ. ಮಣ್ಣಿನೊಳಗಿನ ಕಲ್ಲು, ಬೇರು, ಪೊಳ್ಳುಗಳು ಅಲೆಯನ್ನು ನಾನಾ ಕಡೆಗೆ ಎರಚುತ್ತವೆ. ಹಿಂದಿರುಗಬೇಕಾದ ಅಲೆ ಬಲಗುಂದುವುದೊಂದೇ ಅಲ್ಲ, ಬೇಡವಾದ ಮರುದನಿಗಳ ಗೊಂದಲವೂ ಹುಟ್ಟುತ್ತದೆ. ಕುಸಿದ ಗುಡ್ಡದ ರಾಶಿಯೆಂದರೆ ನೀರು, ಜೇಡಿ, ಬಂಡೆ, ಮರ ಎಲ್ಲವೂ ಕಲಸಿಹೋದ ರಾಶಿ. ಮೂರು ಬಗೆಯ ನಷ್ಟಗಳೂ ಒಟ್ಟಿಗೆ ಸೇರಲು ಇದಕ್ಕಿಂತ ಬೇರೆ ಸ್ಥಳ ಬೇಕಿಲ್ಲ.

ಎರಡು ಮೀಟರು ಜೇಡಿ, ನಾಲ್ಕು ಕಿಲೊಮೀಟರು ಹಿಮ

ರೇಡಿಯೊ ಅಲೆಗಳಿಂದ ನೆಲವನ್ನು ಶೋಧಿಸುವ ಯೋಚನೆ ಹೊಸತಲ್ಲ. ಜರ್ಮನಿಯಲ್ಲಿ ಲೈಂಬಾಖ್ ಮತ್ತು ಲೋವಿ ಎಂಬುವರು ೧೯೧೦ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದರು. ಆದರೆ ಪದ್ಧತಿಯ ಆರಂಭದ ಯಶಸ್ಸುಗಳು ಎಲ್ಲಿ ದೊರೆತವೆಂಬುದನ್ನು ಗಮನಿಸಬೇಕು. ೧೯೨೯ರಲ್ಲಿ ಸ್ಟರ್ನ್ ಎಂಬಾತ ಆಸ್ಟ್ರಿಯದ ಹಿಮನದಿಯೊಂದರ ಆಳವನ್ನು ರೇಡಿಯೊ ಅಲೆಗಳಿಂದ ಅಳೆದನು. ೧೯೫೬ರಲ್ಲಿ ಎಲ್-ಸಯೀದ್ ಎಂಬ ವಿಜ್ಞಾನಿ ಈಜಿಪ್ಟಿನ ಮರುಭೂಮಿಯಲ್ಲಿ ಅಂತರ್ಜಲದ ಮಟ್ಟವನ್ನು ಇದೇ ಜಾತಿಯ ಅಲೆಗಳಿಂದ ಅರಸಿದ ಬಗೆಯನ್ನು ಪ್ರಕಟಿಸಿದನು. ಒಂದು ಹಿಮ, ಇನ್ನೊಂದು ಒಣ ಮರಳು. ಅಲೆಗೆ ದಾರಿ ಬಿಡುವ ನೆಲಗಳೇ ಮೊದಲು ಒಲಿದುವು.

ಹಿಮದ ಕಥೆ ಸ್ವಾರಸ್ಯವಾದದ್ದು. ೧೯೫೦ರ ದಶಕದಲ್ಲಿ ಧ್ರುವಪ್ರದೇಶಗಳ ಮೇಲೆ ಹಾರುವ ವಿಮಾನಗಳ ರೇಡಾರ್ ಎತ್ತರಮಾಪಕಗಳು ದಪ್ಪನಾದ ಹಿಮದ ಮೇಲೆ ತಪ್ಪು ಎತ್ತರವನ್ನು ತೋರಿಸುವುದು ಕಂಡುಬಂದಿತು. ಅಲೆಗಳು ಹಿಮದ ಮೇಲ್ಮೈಯಲ್ಲಿ ನಿಲ್ಲದೆ ಒಳಹೊಕ್ಕು ತಳದ ಬಂಡೆಯಿಂದ ಹಿಂದಿರುಗುತ್ತಿದ್ದುವು. ವಿಮಾನ ಚಾಲಕನಿಗೆ ಅಪಾಯಕರವಾದ ಈ ದೋಷವನ್ನೇ ಅಮೆರಿಕದ ಎಮೊರಿ ವೇಟ್ ಮೊದಲಾದವರು ಹಿಮದ ದಪ್ಪವನ್ನು ಅಳೆಯುವ ಸಾಧನವನ್ನಾಗಿ ಮಾರ್ಪಡಿಸಿದರು.

ಹಿಮವೂ ನೀರೇ ಅಲ್ಲವೆ? ನೀರು ಅಲೆಯನ್ನು ನುಂಗುವಲ್ಲಿ ಹಿಮ ಏಕೆ ದಾರಿ ಬಿಡುತ್ತದೆ? ಅಣು ಒಂದೇ ಆದರೂ ಅದರ ಸ್ವಾತಂತ್ರ್ಯ ಬೇರೆ. ಹಿಮದ ಸ್ಫಟಿಕದಲ್ಲಿ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ರೇಡಾರಿನ ವೇಗಕ್ಕೆ ಸರಿಯಾಗಿ ಹೊರಳಲಾರವು. ಅಯಾನುಗಳಿಗೂ ಸುಲಭವಾದ ಹಾದಿಯಿಲ್ಲ. ನೀರಿಗೆ ೮೦ ಇದ್ದ ಪರಾವೈದ್ಯುತಾಂಕ ಹಿಮಕ್ಕೆ ಸುಮಾರು ೩.೨. ಬಹಳ ತಣ್ಣನೆಯ ಹಿಮದಲ್ಲಿ ನಷ್ಟ ಮೀಟರಿಗೆ ಡೆಸಿಬೆಲ್ಲಿನ ನೂರನೆಯ ಒಂದು ಪಾಲಿನಷ್ಟು. ಅಂಟಾರ್ಕ್ಟಿಕದ ೪ ಕಿಲೊಮೀಟರು ದಪ್ಪದ ಹಿಮವನ್ನು ಹೊಕ್ಕು ಹಿಂದಿರುಗುವ ಅಲೆಗೆ ೮೦೦೦ ಮೀಟರಿನ ದಾರಿ. ನಷ್ಟ ೮೦ ಡೆಸಿಬೆಲ್. ನಮ್ಮ ಒದ್ದೆ ಜೇಡಿಯಲ್ಲಿ ೨ ಮೀಟರು ಆಳಕ್ಕೆ ಹೋಗಿಬರುವ ಅಲೆಗೆ ೪ ಮೀಟರಿನ ದಾರಿ; ನಷ್ಟ ಅದೇ ೮೦ ಡೆಸಿಬೆಲ್! ರೇಡಾರಿನ ದೃಷ್ಟಿಯಲ್ಲಿ ಎರಡು ಮೀಟರು ಜೇಡಿಯೂ ನಾಲ್ಕು ಕಿಲೊಮೀಟರು ಹಿಮವೂ ಒಂದೇ ತೂಕದವು. ಜನರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ.

ಚಂದ್ರನ ನೆಲವೂ ಹಿಮದಂತೆ ದಾರಿ ಬಿಡುವ ಪಂಗಡಕ್ಕೆ ಸೇರಿದ್ದು. ಅಲ್ಲಿನ ಪುಡಿಮಣ್ಣು ಅತ್ಯಂತ ಒಣಗಿದ್ದು. ೨೦೧೯ರ ಜನವರಿಯಲ್ಲಿ ಚಂದ್ರನ ಹಿಮ್ಮುಖದಲ್ಲಿ ಇಳಿದ ಚೀನದ ಚಾಂಗ್-ಎ ೪ ನೌಕೆಯ ಗಾಲಿಬಂಡಿ ೫೦೦ ಮೆಗಾಹರ್ಟ್ಸ್ ರೇಡಾರಿನಿಂದ ಸುಮಾರು ೪೦ ಮೀಟರು ಆಳದವರೆಗೆ ಪದರಗಳನ್ನು ಗುರುತಿಸಿತು. ೨೦೧೩ರಲ್ಲಿ ಚಂದ್ರನ ಮುಮ್ಮುಖದಲ್ಲಿ ಇಳಿದ ಚಾಂಗ್-ಎ ೩ ನೌಕೆಯ ಇಂಥದೇ ರೇಡಾರಿಗೆ ಅಷ್ಟು ಆಳದ ನೋಟ ದೊರೆತಿರಲಿಲ್ಲ. ಉಪಕರಣ ಒಂದೇ ಜಾತಿಯದಾದರೂ ನೆಲದ ಖನಿಜಗಳು ಬೇರೆ. ಅಲೆಯ ನಷ್ಟವೂ ಬೇರೆ.

ಆವೃತ್ತಿಯ ಆಯ್ಕೆ

ಅಲೆಯ ಆವೃತ್ತಿಯನ್ನು ತಗ್ಗಿಸಿದರೆ ಹೆಚ್ಚು ಆಳಕ್ಕೆ ಹೋಗಬಹುದೆಂಬ ಮಾತು ವಾಚಕರ ಕಿವಿಗೂ ಬಿದ್ದಿರಬಹುದು. ಇದು ಅರ್ಧ ಸತ್ಯ. ಅಣುಗಳ ಹೊರಳಾಟದ ನಷ್ಟವೂ ಚದರಿಕೆಯ ನಷ್ಟವೂ ಆವೃತ್ತಿಯೊಡನೆ ತಗ್ಗುವುದು ದಿಟ. ಅಲೆಯುದ್ದಕ್ಕಿಂತ ಬಹಳ ಚಿಕ್ಕವಾದ ಕಲ್ಲುಗಳಿಂದಾಗುವ ಚದರಿಕೆಯಂತೂ ಆವೃತ್ತಿಯನ್ನು ಅರ್ಧ ಮಾಡಿದರೆ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ವಿದ್ಯುದ್ವಹನದಿಂದಾಗುವ ನಷ್ಟ ರೇಡಾರಿನ ಬಳಕೆಯ ಆವೃತ್ತಿಗಳಲ್ಲಿ ಹೆಚ್ಚುಕಡಮೆ ಬದಲಾಗುವುದಿಲ್ಲ. ಮೇಲೆ ಹೇಳಿದ ಸೂತ್ರದಲ್ಲಿ ಆವೃತ್ತಿಯ ಹೆಸರೇ ಇಲ್ಲದಿರುವುದನ್ನು ನೋಡಿ. ಜೇಡಿಯ ನೆಲದಲ್ಲಿ ಮುಖ್ಯವಾದದ್ದು ಈ ನಷ್ಟವೇ.

ತಗ್ಗಿಸಿದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ನ್ಯಾನೊಸೆಕೆಂಡಿಗೆ ೧೦ ಸೆಂಟಿಮೀಟರು ವೇಗವಿರುವ ಮಣ್ಣಿನಲ್ಲಿ ೧೦೦೦ ಮೆಗಾಹರ್ಟ್ಸ್ ಅಲೆಯ ಉದ್ದ ೧೦ ಸೆಂಟಿಮೀಟರು. ೧೦೦ ಮೆಗಾಹರ್ಟ್ಸ್ ಅಲೆಯದು ಒಂದು ಮೀಟರು. ಅಲೆಯುದ್ದದ ಕಾಲು ಭಾಗಕ್ಕಿಂತ ಹತ್ತಿರದಲ್ಲಿರುವ ಎರಡು ಪದರಗಳನ್ನು ರೇಡಾರು ಬೇರ್ಪಡಿಸಿ ತೋರಿಸಲಾರದು. ಆದುದರಿಂದ ಗೋಡೆಯೊಳಗಿನ ಕಬ್ಬಿಣದ ಸರಳನ್ನು ಹುಡುಕುವವನು ಹೆಚ್ಚಿನ ಆವೃತ್ತಿಯನ್ನೂ ಹಿಮದ ತಳವನ್ನು ಹುಡುಕುವವನು ಕಡಮೆ ಆವೃತ್ತಿಯನ್ನೂ ಆರಿಸಿಕೊಳ್ಳುತ್ತಾರೆ.

ನಷ್ಟವೇ ಸಾಕ್ಷಿ

ಕ್ಷೀಣನವನ್ನು ಬರಿಯ ಶತ್ರುವೆಂದು ಭಾವಿಸಬೇಕಾಗಿಲ್ಲ. ಅಳೆದು ನೋಡುವವನಿಗೆ ಅದೇ ಸಾಕ್ಷಿಯೂ ಆಗುತ್ತದೆ. ಚಂದ್ರನ ಮಣ್ಣಿನಲ್ಲಿ ಅಲೆ ಎಷ್ಟು ಬೇಗ ಬಲಗುಂದಿತೆಂಬುದರಿಂದ ಅಲ್ಲಿನ ಖನಿಜಗಳ ವಿಷಯ ಊಹಿಸಬಹುದು. ಹಿಮದ ಉಷ್ಣತೆ ಏರಿದಂತೆ ನಷ್ಟವೂ ಏರುವುದರಿಂದ, ಹಿಮರಾಶಿಯ ಒಳಗಿನ ಉಷ್ಣತೆಯನ್ನು ಅಲೆಯ ನಷ್ಟದಿಂದಲೇ ಅಂದಾಜು ಮಾಡುತ್ತಾರೆ. ಹಿಮದ ತಳದಲ್ಲಿ ದ್ರವರೂಪದ ನೀರಿದ್ದರೆ ಅಲ್ಲಿಂದ ಬರುವ ಮರುದನಿ ಪ್ರಬಲವಾಗಿರುತ್ತದೆ. ಆದರೆ ದಾರಿಯಲ್ಲಿ ಕಳೆದುದೆಷ್ಟೆಂಬ ಲೆಕ್ಕವಿಲ್ಲದೆ ಮರುದನಿಯ ಬಲವನ್ನು ಬೆಲೆಗಟ್ಟುವಂತಿಲ್ಲ. ನಷ್ಟದ ಲೆಕ್ಕ ತಪ್ಪಿದರೆ ಬಂಡೆಯಿರುವಲ್ಲಿ ಸರೋವರವನ್ನೂ ಸರೋವರವಿರುವಲ್ಲಿ ಬಂಡೆಯನ್ನೂ ಕಾಣುವ ಸಂಭವವುಂಟು.

ನೆಲದ ಮೇಲೆ ಕೆಲಸ ಮಾಡುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ರೇಡಾರನ್ನು ಎಳೆಯುವ ಮೊದಲು ಮಣ್ಣಿನ ವಿದ್ಯುತ್ ರೋಧವನ್ನು ಅಳೆದರೆ ಮೇಲಿನ ಸೂತ್ರದಿಂದ ನಷ್ಟ ತಿಳಿಯುತ್ತದೆ. ಆ ಮಣ್ಣಿನಲ್ಲಿಯೇ ಗೊತ್ತಾದ ಆಳದಲ್ಲಿ ಲೋಹದ ತಗಡೊಂದನ್ನು ಹೂತು ಅದರ ಮರುದನಿ ಕಾಣುವುದೇ ಎಂದು ಪರೀಕ್ಷಿಸಬಹುದು. ದಾಖಲೆಯಲ್ಲಿ ಮರುದನಿಗಳು ಯಾವ ಹೊತ್ತಿಗೆ ಗದ್ದಲದಲ್ಲಿ ಮುಳುಗಿಹೋಗುತ್ತವೆಂಬುದನ್ನು ಗುರುತಿಸಿದರೆ ನೋಟದ ಮಿತಿ ಗೊತ್ತಾಗುತ್ತದೆ. ಅಮೆರಿಕದ ಕೃಷಿ ಇಲಾಖೆ ತನ್ನ ದೇಶದ ಮಣ್ಣುಗಳಲ್ಲಿನ ಜೇಡಿ, ಲವಣ ಮೊದಲಾದವನ್ನು ಆಧರಿಸಿ ಯಾವ ಪ್ರದೇಶ ಈ ರೇಡಾರಿಗೆ ಎಷ್ಟು ಯೋಗ್ಯವೆಂಬ ನಕ್ಷೆಗಳನ್ನೇ ರಚಿಸಿದೆ. ಗುಡ್ಡ ಕುಸಿಯುವ ಘಟ್ಟದ ಸೆರಗಿನಲ್ಲಿ ಇಂಥ ಅಳತೆಗಳನ್ನು ಮಳೆಗಾಲಕ್ಕೆ ಮುಂಚೆಯೇ ಮಾಡಿಟ್ಟುಕೊಂಡರೆ, ಆಪತ್ತು ಬಂದಾಗ ರೇಡಾರಿನಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದೆಂಬುದು ಮೊದಲೇ ತಿಳಿದಿರುತ್ತದೆ. ಎಲ್ಲಿ ಅದನ್ನು ನಂಬಬೇಕು, ಎಲ್ಲಿ ಲೋಹಶೋಧಕವನ್ನೋ ನಾಯಿಯ ಮೂಗನ್ನೋ ನೇರವಾದ ಅಗೆತವನ್ನೋ ಅವಲಂಬಿಸಬೇಕೆಂಬ ನಿರ್ಧಾರಕ್ಕೆ ಗಂಟೆಗಳು ವ್ಯರ್ಥವಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ವರದಿಯ ಮಾತು. “ಇಲ್ಲಿ ಏನೂ ಇಲ್ಲ” ಎಂಬುದು ಒಂದು ಮಾತು. “ಇಲ್ಲಿ ಒಂದೂವರೆ ಮೀಟರಿನವರೆಗೆ ಏನೂ ಕಾಣಲಿಲ್ಲ, ಅದರಿಂದಾಚೆಗೆ ನಮ್ಮ ಅಲೆ ಹಿಂದಿರುಗಲಿಲ್ಲ” ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿ ಅಗೆಯುವವರು ಸಲಿಕೆಯನ್ನು ಕೆಳಗಿಟ್ಟು ಬೇರೆಡೆಗೆ ಹೋಗುತ್ತಾರೆ. ಎರಡನೆಯದನ್ನು ಕೇಳಿದವರು ಎಲ್ಲಿಂದ ಮುಂದೆ ಅಗೆಯಬೇಕೆಂಬುದನ್ನು ಅರಿಯುತ್ತಾರೆ. ಮಣ್ಣಿನ ರಾಶಿಯ ಪಕ್ಕದಲ್ಲಿ ತಮ್ಮವರಿಗಾಗಿ ಕಾದು ನಿಂತವರಿಗೆ ವಿಜ್ಞಾನ ಸಲ್ಲಿಸಬೇಕಾದ ಋಣ ಈ ಎರಡನೆಯ ಮಾತು.